ಮೂಗಿನೊಳಗಿನ ಅವರೆಕಾಳು

ದೇಹವೆಂಬುದು ಒಂಬತ್ತು ಬಾಗಿಲಿನ ಊರು ಎಂದು ಹಿರಿಯರು ಹೇಳಿದ್ದಾರೆ. ಹೇಳಿದವರು ಖಂಡಿತ ಸಂನ್ಯಾಸಿಗಳು. ಮನೆಯಲ್ಲಿ ಒಂದು ಮಗು ಇದ್ದಿದ್ದರೆ ಆ ಮಾತನ್ನು ಅಷ್ಟು ಸಮಾಧಾನವಾಗಿ ಹೇಳುತ್ತಿರಲಿಲ್ಲ, ಬಾಯಿ ಬಾಯಿ ಬಡಿದುಕೊಂಡು ಹೇಳುತ್ತಿದ್ದರು. ಆ ಬಾಗಿಲುಗಳಿಂದ ಒಂದು ದಿನ ಪ್ರಾಣ ಹೊರಗೆ ಹೋಗುತ್ತದಲ್ಲ ಎಂಬುದಷ್ಟೇ ಅವರ ಕೊರಗು. ಒಳಗೆ ಏನೇನು ಹೋಗುತ್ತದೆ ಎಂಬ ಯೋಚನೆ ಅವರಿಗೆ ಬರಲೇ ಇಲ್ಲ. ಹುಣಿಸೆಬೀಜ ಹೋಗುತ್ತದೆ, ಅಂಗಿಯ ಗುಂಡಿ ಹೋಗುತ್ತದೆ, ಬಳಪದ ಚೂರು ಹೋಗುತ್ತದೆ, ಅಜ್ಜಿಯ ಜಪಸರದ ಮಣಿ ಹೋಗುತ್ತದೆ. ನಾವು ಹೆತ್ತವರು ಆ ಊರಿನ ಕಾವಲುಗಾರರು. ಕಾವಲುಗಾರನಿಗಿರುವುದು ಎರಡು ಕಣ್ಣು, ಅವೂ ಊಟವಾದ ಮೇಲೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಇನ್ನು ಊರು ಉಳಿಯುವುದುಂಟೆ? ಮಕ್ಕಳನ್ನು ಅಪಾಯವಿಲ್ಲದಂತೆ ಸಾಕುವುದು ಮನುಷ್ಯಮಾತ್ರದವರಿಂದ ಆಗದ ಕೆಲಸ ಎಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೇನೆ. ಆಗದ ಕೆಲಸ ಎಂದು ಗೊತ್ತಿದ್ದೂ ಬಿಡಲಾರದೆ ಮಾಡುವವನ ಪಾಡು ಹೇಗಿರುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಅದರಲ್ಲೂ ನನ್ನ ಹೊಟ್ಟೆಪಾಡೇ ಜಾಗ್ರತೆ. ಆಗ ನಾನು ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತ. ಮೇಲಿನವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಎಚ್ಚರಿಕೆಯ ಮಾತುಗಳನ್ನು ಕನ್ನಡಕ್ಕೆ ಇಳಿಸಿ, ಬೋರ್ಡಿನ ಮೇಲೆ ಬರೆಸಿ, ಪಾಳಿ ಬದಲಾಗುವ ಹೊತ್ತಿಗೆ ಗಣಿಯ ಬಾಯಿಯ ಹತ್ತಿರ ನಿಂತು ಗಟ್ಟಿಯಾಗಿ ಓದುವುದು ನನ್ನ ಕೆಲಸ. "ತಲೆಗೆ ಟೋಪಿ ಇಲ್ಲದೆ ಇಳಿಯಬೇಡಿ. ಕೇಜು ಕೆಳಗೆ ಹೋಗುವಾಗ ಅದರಿಂದ ಕೈ ಆಚೆ ಚಾಚಬೇಡಿ. ಸಿಡಿಮದ್ದು ತುಂಬಿದ ಹಳೆ ತೂತಿಗೆ ಕಡ್ಡಿ ಹಾಕಿ ಕೆದಕಬೇಡಿ." ಇದನ್ನೇ ನನ್ನ ಪಕ್ಕದಲ್ಲಿ ಒಬ್ಬರು ತಮಿಳಿನಲ್ಲಿ, ಇನ್ನೊಬ್ಬರು ತೆಲುಗಿನಲ್ಲಿ ಹೇಳುತ್ತಿದ್ದರು. ಇಳಿಯುವ ಜನ ಮೂರು ಭಾಷೆಯಲ್ಲೂ ತಲೆಯಾಡಿಸಿ, ಕಿವಿಗೆ ಸಿಕ್ಕಿಸಿದ್ದ ಬೀಡಿಯನ್ನು ಹೆಂಡತಿಯ ಕೈಗೋ ತಮ್ಮನ ಕೈಗೋ ಕೊಟ್ಟು ಪಾತಾಳಕ್ಕೆ ಹೋಗುತ್ತಿದ್ದರು. ನಾನು ಮಾತ್ರ ಒಂದು ಸಲವೂ ಕೆಳಗೆ ಇಳಿದವನಲ್ಲ. ಭಯ. ಇಳಿಯದೆಯೇ ಅಲ್ಲಿಯ ಅಪಾಯಗಳನ್ನೆಲ್ಲ ಬಾಯಿಪಾಠ ಮಾಡಿದವನು ನಾನೊಬ್ಬನೇ. ಅವರು ನನಗೆ "ಜಾಗ್ರತೆ ಸಾರ್" ಎಂದು ಹೆಸರಿಟ್ಟಿದ್ದರು. ಮೂರು ಭಾಷೆಗೂ ಸಲ್ಲುವ ಮಾತು, ಹಾಗಾಗಿ ಊರಗಾಂವಿನಿಂದ ಮಾರಿಕುಪ್ಪದವರೆಗೂ ಅದೇ ಹೆಸರು ನಿಂತುಬಿಟ್ಟಿತು.

ಇಂಥ ಬಾಯಿ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೆ? ಮನೆಯಲ್ಲಿ ನನಗೆ ಸಿಕ್ಕವಳು ನನ್ನ ಮಗಳು ವನಜ. ಇನ್ನೂ ಸ್ಕೂಲಿಗೆ ಸೇರಿಸಿರಲಿಲ್ಲ. ಮಾತಿನಲ್ಲಿ ನನ್ನದೇ ಅಚ್ಚು, ಎದ್ದಾಗಿನಿಂದ ಮಲಗುವವರೆಗೆ ವಟವಟ. ಅವಳು ಎದ್ದು ಹಲ್ಲುಜ್ಜುವ ಹೊತ್ತಿಗೆ ನನ್ನ ಓದು ಶುರುವಾಗುತ್ತಿತ್ತು. ಒಲೆಯ ಹತ್ತಿರ ಹೋಗಬೇಡ, ಸೀಮೆಎಣ್ಣೆ ಬಾಟಲಿ ಮುಟ್ಟಬೇಡ, ಬಾವಿಕಟ್ಟೆ ಹತ್ತಬೇಡ, ಓಡುತ್ತ ಕಡ್ಲೆಬೀಜ ತಿನ್ನಬೇಡ, ಸೈನೈಡ್ ಗುಡ್ಡದ ಕಡೆ ತಲೆ ಹಾಕಿಯೂ ಮಲಗಬೇಡ. ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಆ ಬಿಳೀ ಗುಡ್ಡ. ಚಿನ್ನ ತೆಗೆದುಕೊಂಡು ಉಳಿದ ಪುಡಿಯನ್ನು ಸುರಿದು ಸುರಿದು ಬೆಳೆದದ್ದು. ಗಾಳಿ ಎದ್ದರೆ ಆ ಪುಡಿ ನಮ್ಮ ಅನ್ನದ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ನಮ್ಮ ಮಕ್ಕಳ ರೆಪ್ಪೆಯ ಮೇಲೆ. ಊರಿನ ಹುಡುಗರೆಲ್ಲ ಹಳೆ ತಗಡಿನ ಮೇಲೆ ಕೂತು ಆ ಗುಡ್ಡ ಜಾರುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಅದನ್ನು ನೋಡಿ ಎದೆ ಹಿಡಿದುಕೊಳ್ಳುತ್ತಿದ್ದೆ. ನನ್ನ ಹೆಂಡತಿ ಕಮಲ ಒಳಗಿನಿಂದ, "ರೀ, ಬಂದು ಕಾಫಿ ಕುಡೀರಿ. ನೀವು ನೋಡ್ತಾ ನಿಂತ್ರೆ ಗುಡ್ಡ ಕರಗಲ್ಲ" ಎನ್ನುತ್ತಿದ್ದಳು.

ಕಾಯಿಲೆಗಳ ವಿಷಯ ಕೇಳಲೇಬೇಡಿ. ಮಗುವಿಗೆ ನಾಯಿಕೆಮ್ಮು ಬಂದಾಗ ಪಕ್ಕದ ಮನೆಯ ತಮಿಳಿನ ಆಕೆ ಕತ್ತೆಹಾಲು ಹಿಡಿದು ಬಂದಿದ್ದರು. "ಕೊಳಂದೆಗೆ ಒರು ಸಲ ಕುಡಿಸಿ ಸಾಮಿ, ಕೆಮ್ಮು ಓಡಿ ಪೋಗತ್ತೆ." ನಾನು ಆಸ್ಪತ್ರೆಯ ಔಷಧವೇ ಸಾಕು ಎಂದೆ. ಕೆಮ್ಮು ತಿಂಗಳುಗಟ್ಟಲೆ ಬಿಡಲಿಲ್ಲ. ವಾಸಿಯಾದ ಮೇಲೆ ಆಕೆ ಕತ್ತೆಹಾಲನ್ನು ಗುಟ್ಟಾಗಿ ಕುಡಿಸಿದ್ದು ಗೊತ್ತಾಯಿತು. ಗುಣ ಮಾಡಿದ್ದು ಔಷಧವೋ ಕತ್ತೆಯೋ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ದಡಾರ ಬಂದಾಗ ಬೇವಿನಸೊಪ್ಪು, ಹೊಟ್ಟೆ ಉಬ್ಬರಿಸಿದರೆ ಹರಳೆಣ್ಣೆ, ಹಲ್ಲು ಬರುವಾಗ ಭೇದಿ, ಭೇದಿ ನಿಂತರೆ ಯಾಕೆ ನಿಂತಿತು ಎಂಬ ಚಿಂತೆ. ಒಂದು ಕಳೆಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿತ್ತು. ನನ್ನ ತೂಕ ಇಳಿದದ್ದೇ ಬಂತು. ಮಗಳು ಮಾತ್ರ ಎಲ್ಲ ಕಾಯಿಲೆಯನ್ನೂ ಒಂದು ಕೈ ನೋಡಿ, ಮತ್ತೆ ದುಂಡಗೆ ಆಗಿ ತಿರುಗುತ್ತಿದ್ದಳು.

ಆ ವರ್ಷ ಸಂಕ್ರಾಂತಿಗೆ ಬಂಗಾರಪೇಟೆಗೆ ಹೋದೆವು, ಅತ್ತೆಯ ಮನೆಗೆ. ನನಗೆ ಒಳಗೊಳಗೇ ಸಂತೋಷ. ಅಲ್ಲಿ ಗಣಿಯಿಲ್ಲ, ಸೈನೈಡ್ ಗುಡ್ಡವಿಲ್ಲ, ಏರ್ ಬ್ಲಾಸ್ಟ್ ಇಲ್ಲ. ಏರ್ ಬ್ಲಾಸ್ಟ್ ಎಂದರೆ ಗೊತ್ತಲ್ಲ, ಭೂಮಿಯ ಆಳದಲ್ಲಿ ಬಂಡೆ ಸಿಡಿದು ಮೇಲೆ ಮನೆಯೆಲ್ಲ ನಡುಗುವುದು. ಎರಡು ದಿನವಾದರೂ ನೆಮ್ಮದಿಯಾಗಿರೋಣ ಎಂದುಕೊಂಡೆ. ಹಾಗೆ ಅಂದುಕೊಂಡವನ ಬಾಯಿಗೆ ಮಣ್ಣು ಹಾಕಬೇಕು. ಹೋದ ಸಂಜೆ ಅತ್ತೆಯ ನಡುಮನೆಯಲ್ಲಿ ಅವರೆಕಾಯಿ ರಾಶಿ. ಬೂದಿಕೋಟೆಯ ಕಡೆಯ ಸೊಗಡಿನ ಕಾಯಿ, ಬಾಗಿಲಲ್ಲೇ ವಾಸನೆ ಮೂಗಿಗೆ ಬಂದು ಮಾತಾಡಿಸುತ್ತಿತ್ತು. ನಮ್ಮ ಕಡೆ ಹಬ್ಬಕ್ಕೆ ಹಿತುಕಿದ ಬೇಳೆಯ ಸಾರು ಆಗಲೇಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಯಿ ಸುಲಿದು ಕಾಳು ತೆಗೆಯುವುದು, ಕಾಳನ್ನು ನೀರಲ್ಲಿ ನೆನೆಹಾಕುವುದು, ನೆಂದು ಉಬ್ಬಿದ ಮೇಲೆ ಒಂದೊಂದನ್ನೇ ಬೆರಳಲ್ಲಿ ಹಿಡಿದು ಹಿತುಕುವುದು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಊರವರ ಮನೆಯ ಮಾತಾಡಿಕೊಂಡು ಮಾಡುವ ಕೆಲಸ.

ವನಜಾನೂ ಸುಲಿಯಲು ಕೂತಳು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವಳ ಎದುರು ಕೂತು ಬೋರ್ಡು ಓದುವ ಧ್ವನಿಯಲ್ಲಿ, "ನೋಡು ಪುಟ್ಟಾ, ಕಾಳು ಬಾಯಿಗೆ ಹಾಕ್ಕೋಬೇಡ. ಹಾಕ್ಕೊಂಡು ನಗಬೇಡ. ನಕ್ಕರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ, ಉಸಿರು ಕಟ್ಟಿದರೆ..." ಎಂದು ಶುರು ಮಾಡಿದೆ. ಅತ್ತೆ ಕಾಯಿ ಸುಲಿಯುತ್ತಲೇ, "ಅಳಿಯಂದ್ರೆ, ಅಬ್ಬದ ಒತ್ನಾಗೆ ಮಗಿನ ಮುಂದೆ ಇದೆಂಥ ಮಾತು? ಬುಡಿ ಅತ್ಲಾಗೆ" ಎಂದರು. ಬಿಡಲಿಲ್ಲ, ಪೂರ್ತಿ ಹೇಳಿ ಮುಗಿಸಿಯೇ ಎದ್ದೆ. ಮಗಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಹುಡುಗಿ ಮಂಕು. ಮಾತಿಲ್ಲ, ಕತೆಯಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವುದು, ಬಾಯಿ ತೆರೆದುಕೊಂಡು ಉಸಿರಾಡುವುದು. ಮೂಗು ಸೋರುತ್ತಿತ್ತು. ನೆಗಡಿ ಎಂದೆವು. ಕಮಲ ಓಮವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಬಿಸಿ ಮಾಡಿ ಮೂಸಿಸಿದಳು. ಅತ್ತೆಗೆ ನೆಗಡಿಯಲ್ಲಿ ನಂಬಿಕೆಯಿಲ್ಲ. "ನಿನ್ನೆ ಆ ಮೂಲೆ ಮನೆಯೋಳು ಬಂದು ಮಗಿನ್ನ ಕಣ್ಣಾಗೇ ನುಂಗಿದ್ಲು. ದೃಷ್ಟಿ ಕಣಮ್ಮಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು, ಹುಡುಗಿ ಮಾತ್ರ ಕೆಮ್ಮಲಿಲ್ಲ. ಕೆಮ್ಮಲಿಲ್ಲವಲ್ಲ ಎಂದು ನನ್ನ ಜೀವ ಹಾರಿತು. ಗಂಟಲುಮಾರಿ ಇರಬಹುದೆ, ಜ್ವರ ಒಳಗೇ ನಿಂತಿದೆಯೆ, ಮಾತೇ ನಿಂತುಹೋದರೆ ಗತಿಯೇನು ಎಂದು ನಾನು ಹಿತ್ತಲಿಗೂ ಜಗಲಿಗೂ ತಿರುಗಿದೆ. ವಟವಟ ಎನ್ನುವ ಮಗು ವಟವಟ ಎನ್ನದೆ ಇದ್ದರೆ ಮನೆ ಎಷ್ಟು ಹೆದರಿಸುತ್ತದೆ ಎಂದು ಆವತ್ತು ಗೊತ್ತಾಯಿತು. ಎದುರಿಗೆ ಕೂತು ಎಷ್ಟು ಬಗೆಯಲ್ಲಿ ಕೇಳಿದರೂ ನನ್ನ ಮುಖವನ್ನೇ ನೋಡುತ್ತ ತುಟಿ ಬಿಗಿಹಿಡಿದಳು.

ಹಬ್ಬದ ಬೆಳಿಗ್ಗೆ ಎಣ್ಣೆ ಒತ್ತಿ ನೀರು ಹಾಕಲು ಕರೆದುಕೊಂಡು ಹೋದ ಕಮಲ ಹಿತ್ತಲಿನಿಂದ ಕೂಗಿದಳು. "ರೀ, ಬನ್ರೀ ಇಲ್ಲಿ! ಒಂದೇ ಕಡೆ ಸೋರ್ತಾ ಇದೆ, ನೋಡಿ. ವಾಸನೆ ಬೇರೆ." ಓಡಿದೆ. ಹೌದು, ಬಲಗಡೆ ಮೂಗು ಒಣಗಿದೆ, ಎಡಗಡೆಯದು ಮಾತ್ರ ಹರಿಯುತ್ತಿದೆ. ನೆಗಡಿ ಎಂದಾದರೂ ಒಂದು ಹೊಳ್ಳೆಗೆ ಬಂದು ಇನ್ನೊಂದನ್ನು ಬಿಟ್ಟೀತೆ? ಬಿಸಿಲಿಗೆ ಮುಖ ಎತ್ತಿ ನೋಡಿದರೆ ಒಳಗೆ ಹಸಿರಾಗಿ ಏನೋ ಕೂತಿದೆ. ಅವರೆಕಾಳು. ಕಮಲ ಅಳಲು ಶುರು ಮಾಡಿದಳು. ನಾನು "ಅಳಬೇಡ, ಗಾಬರಿಯಾಗಬೇಡ" ಎಂದು ಹೇಳುತ್ತ ನನ್ನ ಪಂಚೆ ಬಿಚ್ಚಿಹೋಗುತ್ತಿರುವುದನ್ನೂ ಗಮನಿಸಲಿಲ್ಲ. ಬಂಗಾರಪೇಟೆಯಲ್ಲಿ ನಮಗೆ ಗೊತ್ತಿದ್ದ ಡಾಕ್ಟರು ಹಬ್ಬಕ್ಕೆಂದು ತಮ್ಮ ಊರಿಗೆ ಹೋಗಿದ್ದರು. ಗಣಿ ಆಸ್ಪತ್ರೆಗೆ ಹೋಗೋಣವೆಂದರೆ ರೈಲುಗಾಡಿ ಮಧ್ಯಾಹ್ನಕ್ಕೆ. ಅಷ್ಟು ಹೊತ್ತು ಕೈಕಟ್ಟಿ ಕೂತಿದ್ದರೆ ನನ್ನ ಮಗಳ ಮೂಗು ಕ್ಷೇಮವಾಗಿರುತ್ತಿತ್ತು. ಆದರೆ ಕೈಕಟ್ಟಿ ಕೂರುವುದು ಯಾವ ಅಪ್ಪನಿಗೆ ಬರುತ್ತದೆ?

ಮೊದಲು ಕಮಲಳ ತಲೆಯಿಂದ ಒಂದು ಪಿನ್ನು ಕಿತ್ತುಕೊಂಡೆ. ಕೊಕ್ಕೆಯಂತೆ ಬಗ್ಗಿಸಿ ಎಳೆದುಬಿಡೋಣ ಎಂದು. ಒಂದು ಸಲ ತಾಗಿಸಿದ್ದಷ್ಟೆ, ಕಾಣುತ್ತಿದ್ದ ಕಾಳು ಕಾಣದ ಹಾಗೆ ಒಳಕ್ಕೆ ಸರಿಯಿತು. ಆಮೇಲೆ ಎದುರುಮನೆಯ ಯಜಮಾನರ ನಶ್ಯದ ಡಬ್ಬಿ ಬಂತು. ಸೀನಿದರೆ ಕಾಳು ಹಾರುತ್ತದೆ ಎಂದು ಅವರ ಸಿದ್ಧಾಂತ. ಚಿಟಿಕೆ ನಶ್ಯ ಹಿಡಿದು ಮಗುವಿನ ಮೂಗಿನ ಹತ್ತಿರ ಒಯ್ದೆ. ಗಾಳಿ ಬೀಸಿತು. ನಾನು ಸೀನಿದೆ, ಕಮಲ ಸೀನಿದಳು, ಡಬ್ಬಿ ಕೊಟ್ಟ ಯಜಮಾನರು ಅಭ್ಯಾಸವಿದ್ದೂ ಸೀನಿದರು. ವನಜ ನಮ್ಮನ್ನು ಒಬ್ಬೊಬ್ಬರನ್ನಾಗಿ ಕುತೂಹಲದಿಂದ ನೋಡಿದಳು.

ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. "ನೀವೆಲ್ಲಾ ದೂರ ಓಗಿ. ಅಳಿಯಂದ್ರೆ, ನಾನು ಈ ವಯಸ್ಸಿಗೆ ಎಷ್ಟು ಕಾಳು ಇತುಕಿಲ್ಲ? ನೆನೀದೆ ಇರೋ ಕಾಳು ಬೆರಳಿಗೆ ಬಗ್ಗತದಾ? ನೆನೀಬೇಕು. ನೆಂದ್ರೆ ಸಿಪ್ಪೆ ಸಡ್ಲ ಆಯ್ತದೆ. ಆಮ್ಯಾಕೆ ಮ್ಯಾಗ್ಲಿಂದ ಇಂಗೆ ಒಂದು ಕಿತ ಇತುಕಿದ್ರೆ ಬ್ಯಾಳೆ ಪಚಕ್ ಅಂತ ಆಚೀಗೆ ಬತ್ತದೆ. ಸಿಪ್ಪೆ ಆಮ್ಯಾಕೆ ತೆಗದ್ರಾಯ್ತು." ನೀವು ನಗುತ್ತಿದ್ದೀರಿ. ಆವತ್ತು ಯಾರೂ ನಗಲಿಲ್ಲ. ಆ ಮಾತಿನಲ್ಲಿ ತಪ್ಪು ಎಲ್ಲಿದೆ ಹೇಳಿ? ಕಾಳು ಅದೇ, ನೀರು ಅದೇ, ಹಿತುಕುವ ಕೈ ಅದೇ. ಪಾತ್ರೆ ಮಾತ್ರ ಬೇರೆ. ಹಿಂದಿನ ದಿನವೇ ಬೇಸಿನ್ನಿನ ತುಂಬ ಕಾಳನ್ನು ಅವರು ಹೀಗೆಯೇ ಗೆದ್ದಿದ್ದರು. ನಾನು ತಲೆಯಾಡಿಸಿದೆ. ತಲೆಯಾಡಿಸಿ ಸುಮ್ಮನಿರಲಿಲ್ಲ, ನೀರು ಬೆಚ್ಚಗಿರಲಿ, ಬೇಗ ನೆನೆಯುತ್ತದೆ ಎಂದು ಬುದ್ಧಿಯನ್ನೂ ಹೇಳಿದೆ.

ಮಗುವನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿ, ಅವಳು ಕೂಸಾಗಿದ್ದಾಗ ಹಾಲು ಹಾಕುತ್ತಿದ್ದ ಒಳಲೆಯನ್ನೇ ಅಟ್ಟದಿಂದ ತೆಗೆಸಿ, ನನ್ನ ಈ ಕೈಯಾರೆ ಮೂಗಿಗೆ ಹನಿಹನಿಯಾಗಿ ಬೆಚ್ಚಗಿನ ನೀರು ಬಿಟ್ಟೆ. "ಇನ್ನೊಸಿ ಬುಡಿ, ಇನ್ನೂ ನೆಂದಿಲ್ಲ" ಎಂದು ಅತ್ತೆ. ಬಿಟ್ಟೆ. ಬಿಡುತ್ತ ಬಿಡುತ್ತ ಎಡಗಡೆಯ ಹೊಳ್ಳೆ ಹೊರಗಿನಿಂದಲೇ ಉಬ್ಬಿದ್ದು ಕಾಣಿಸಿತು. ಕಾಳು ಚೆನ್ನಾಗಿಯೇ ನೆಂದಿತ್ತು. ಅತ್ತೆ ಮೂಗಿನ ಮೇಲೆ ಬೆರಳಿಟ್ಟು ಹಿತುಕಿದರು. ಎರಡು ದಿನದಿಂದ ಮಾತಾಡದ ಮಗು ಚಿಟ್ಟನೆ ಚೀರಿತು. ಮರುಕ್ಷಣ ನೀರು ಗಂಟಲಿಗಿಳಿದು ಉಸಿರು ಸಿಕ್ಕಿಕೊಂಡು ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಕಮಲ ಮಗುವನ್ನು ಕಿತ್ತುಕೊಂಡು ಬೆನ್ನು ಮೇಲೆ ಮಾಡಿ ತಟ್ಟಿದಳು. ಕೆಮ್ಮು ಬಂತು, ಉಸಿರು ಬಂತು, ಜೊತೆಗೆ ಮೂಗಿನಿಂದ ರಕ್ತವೂ ಬಂತು. "ಸಾಕು! ಇನ್ನು ನನ್ನ ಮಗೂನ ಯಾರೂ ಮುಟ್ಟಬೇಡಿ" ಎಂದಳು. ಅತ್ತೆ ಮೂಲೆಯಲ್ಲಿ ಕುಸಿದು "ಅಯ್ಯೋ ದೇವುಡಾ, ನನ್ನ ಕೈ ಸೇದೋಗ" ಎಂದು ಅತ್ತರು. ನಾನು ಒಳಲೆ ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತಿದ್ದೆ. ಈ ಮಗು ಉಳಿಯಬೇಕು, ಉಳಿದರೆ ಸಾಕು ಎನ್ನುವುದು ಬಿಟ್ಟು ತಲೆಯಲ್ಲಿ ಬೇರೆ ಒಂದು ಮಾತೂ ಇರಲಿಲ್ಲ.

ಮಧ್ಯಾಹ್ನದ ಮಾರಿಕುಪ್ಪದ ಗಾಡಿ ಹತ್ತಿದೆವು. ಕಮಲ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು. ಹಬ್ಬವಾದರೂ ಎರಡನೆಯ ಪಾಳಿಗೆ ಹೋಗುವ ಗಣಿಯವರಿಂದ ಡಬ್ಬಿ ತುಂಬಿತ್ತು. ಏನಾಯಿತು ಎಂದು ಒಬ್ಬರು ಕೇಳಿದರು, ಇಡೀ ಡಬ್ಬಿ ಉತ್ತರ ಹೇಳಿತು. ತಲೆಕೆಳಗು ಮಾಡಿ ಕುಲುಕಿ ಎಂದು ಒಬ್ಬ, ಮೆಣಸು ಮೂಸಿಸಿ ಎಂದು ಇನ್ನೊಬ್ಬ. ಒಂದು ಕುಕ್ಕೆ ಬದನೆಕಾಯಿ ಹಿಡಿದು ಕೂತಿದ್ದ ಕ್ಯಾಸಂಬಳ್ಳಿಯ ಮುದುಕಿ, "ಬುಟ್ಟುಬುಡಿ ಸಾಮಿ, ನಮ್ಮ ಅಣ್ಣನ ಮಗಂಗೆ ಇಂಗೇ ಆಗಿತ್ತು" ಎಂದಳು. ಆಮೇಲೆ ಏನಾಯಿತು ಎಂದು ಆಸೆಯಿಂದ ಕೇಳಿದೆ. "ಓದ ಕಾಳು ಓತು, ಇವತ್ತಿಗೂ ಸಿಕ್ಕಿಲ್ಲ" ಎಂದಳು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಬ್ಬ, "ಅಡಡೇ, ನಮ್ಮ ಜಾಗ್ರತೆ ಸಾರ್!" ಎಂದು ಗುರುತು ಹಿಡಿದ. ಹತ್ತಿರ ಬಂದು ಮಗುವಿನ ಮುಖ ನೋಡಿದ. ಪಿನ್ನು ಹಾಕಿದ ವಿಷಯವನ್ನು ಕಮಲ ಹೇಳಿಬಿಟ್ಟಳು. ಅವನು ನಿಜವಾದ ಸಂಕಟದಿಂದ, "ಎನ್ನ ಸಾರ್ ಇದು? ಅಳೆ ತೂತಿಗೆ ಕಡ್ಡಿ ಆಕಬೇಡಿ ಅಂತ ದಿನಾ ನೀವೇ ಸೊಲ್ತೀರಲ್ಲ" ಎಂದ. ಹಿಂದಿನಿಂದ ಯಾರೋ, "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ" ಎಂದರು. ಮುದುಕಿ ತನ್ನ ಕುಕ್ಕೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಕಡಿಮೆ ಮಾತಿನವರು. ಮಗುವಿನ ಮುಖ ಬೆಳಕಿಗೆ ಎತ್ತಿ ನೋಡಿ, "ನೀರು ಹಾಕಿದವರು ಯಾರು?" ಎಂದರು. ಕಮಲ ಗೋಡೆ ನೋಡಿದಳು. ನಾನೇ ಎಂದೆ. "ಕಾಳು ನೀರಲ್ಲಿ ಉಬ್ಬುತ್ತೆ ಅಂತ ನಿಮಗೆ ಗೊತ್ತಿರಲಿಲ್ಲವೆ?" ಗೊತ್ತಿತ್ತು ಎಂದೆ. ಉಬ್ಬಲಿ ಎಂದೇ ಹಾಕಿದೆ ಎನ್ನುವ ಧೈರ್ಯ ಬರಲಿಲ್ಲ. "ಒಳಕ್ಕೆ ತಳ್ಳಿದವರು?" ಅದೂ ನಾನೇ. "ಎಲ್ಲಿ ಕೆಲಸ?" ಗಣಿಯಲ್ಲಿ, ಜಾಗ್ರತೆಯ ವಿಭಾಗ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಬೇರೆ ಏನೂ ಕೇಳದೆ ನರ್ಸಮ್ಮನಿಗೆ ಮಗುವಿನ ತಲೆ ಹಿಡಿದುಕೊಳ್ಳಲು ಹೇಳಿದರು.

ತುದಿ ಬಾಗಿದ ಸಣ್ಣ ಸಲಾಕಿಯೊಂದನ್ನು ಮೂಗಿನೊಳಗೆ ಇಳಿಸಿದರು. ಇಳಿಸಿ ಕಾಳಿನ ಹಿಂದಕ್ಕೆ ಸಿಕ್ಕಿಸುವ ಹೊತ್ತು, ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕೂಗುತ್ತಿರುವ ಹೊತ್ತು, ಕಾಲ ಕೆಳಗೆ ಧಡಮ್ಮೆಂದಿತು. ಏರ್ ಬ್ಲಾಸ್ಟ್. ಕಿಟಕಿಯ ಗಾಜು ನಡುಗಿತು, ಮೇಜಿನ ಮೇಲಿನ ಬಾಟಲಿಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ಡಾಕ್ಟರ ಕೈ ಇದ್ದಲ್ಲೇ ನಿಂತಿತು. ನರ್ಸಮ್ಮ ಅಲ್ಲಾಡಲಿಲ್ಲ. ಆ ಮಣ್ಣಿನಲ್ಲೇ ಹುಟ್ಟಿದ ನನ್ನ ಮಗಳು ರೆಪ್ಪೆಯನ್ನೂ ಬಡಿಯಲಿಲ್ಲ. ಕೋಣೆಯಲ್ಲಿ ಕಿರುಚಿ ಸ್ಟೂಲಿನಿಂದ ಎದ್ದು ಹಾರಿದವನು ಒಬ್ಬನೇ ಒಬ್ಬ. "ಅವರನ್ನ ಸ್ವಲ್ಪ ಆಚೆ ನಿಲ್ಲಿಸಿ" ಎಂದರು ಡಾಕ್ಟರು. ಆಚೆ ಹೋಗುವಷ್ಟರಲ್ಲಿ ಕಾಳು ಬಟ್ಟಲಿಗೆ ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದೆ. ದಪ್ಪಗೆ ನೆಂದಿದ್ದ ಕಾಳು, ಸಿಪ್ಪೆ ಅರ್ಧ ಬಿಟ್ಟುಕೊಂಡಿತ್ತು. ಅತ್ತೆಯ ಲೆಕ್ಕ ಅಷ್ಟರ ಮಟ್ಟಿಗೆ ಸರಿಯಾಗಿಯೇ ಇತ್ತು.

ಡಾಕ್ಟರು ಕೈ ತೊಳೆಯುತ್ತ ಕಮಲಳಿಗೆ ಹೇಳಿದರು. ನನಗೆ ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. "ಇನ್ನೊಂದು ಸಲ ಹೀಗಾದರೆ ನೀರು, ಎಣ್ಣೆ, ನಶ್ಯ ಏನೂ ಬೇಡಮ್ಮ. ಕಡ್ಡಿ, ಬೆರಳು ಹಾಕಬೇಡಿ. ಮಲಗಿಸಬೇಡಿ, ಕೂರಿಸಿಕೊಂಡೇ ಬನ್ನಿ. ಒಂದೇ ಕಡೆ ಮೂಗು ಸೋರಿ ವಾಸನೆ ಬಂದರೆ ಅದು ನೆಗಡಿ ಅಲ್ಲ, ಏನೋ ಒಳಗೆ ಹೋಗಿದೆ ಅಂತ ತಿಳಿದುಕೊಳ್ಳಿ." ಆಮೇಲೆ ವನಜಳ ಗಲ್ಲ ಹಿಡಿದು, "ಮರಿ, ಮೂಗಿಗೆ ಹಾಕ್ಕೊಂಡಾಗಲೇ ಅಪ್ಪನ ಹತ್ತಿರ ಯಾಕೆ ಹೇಳಲಿಲ್ಲ?" ಎಂದರು. ಎರಡು ದಿನ ಬಾಯಿ ಬಿಡದ ನನ್ನ ಮಗಳು ಬಾಯಿ ಬಿಟ್ಟಳು. "ಹೇಳಿದ್ರೆ ಅಪ್ಪ ಮಾತಾಡ್ತದೆ." ಮಳೆ ಬತ್ತದೆ, ಸೈರನ್ ಕೂಗ್ತದೆ ಎನ್ನುವ ಹಾಗೆ, ಯಾರ ಮೇಲೂ ದೂರಿಲ್ಲದೆ ಹೇಳಿದಳು. ನರ್ಸಮ್ಮ ಸೆರಗು ಬಾಯಿಗೆ ಹಿಡಿದು ಆಚೆ ಹೋದರು. ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತೆ ಅಲ್ಲಿ ಅನ್ನನೀರು ಮುಟ್ಟದೆ ಕೂತಿರುತ್ತಾರೆ ಎಂದು ಸಂಜೆಯ ಗಾಡಿಗೆ ಮತ್ತೆ ಬಂಗಾರಪೇಟೆಗೆ ಹೊರಟೆವು. ಕಮಲ ಮೂಲೆಯಲ್ಲಿ ತಲೆಯಾನಿಸಿ ಕಣ್ಣುಮುಚ್ಚಿದಳು, ಪಾಪ, ಬೆಳಗಿನಿಂದ ಒಂದು ಲೋಟ ಕಾಫಿಯೂ ಇಲ್ಲ. ಮಗಳು ಕಿಟಕಿಯ ಪಕ್ಕ, ಅವಳ ಪಕ್ಕ ನಾನು. ಎರಡು ಹೊಳ್ಳೆಯೂ ಬಿಟ್ಟುಕೊಂಡ ಸಂಭ್ರಮಕ್ಕೆ ಅವಳ ವಟವಟ ಮತ್ತೆ ಶುರುವಾಗಿತ್ತು. ನಾನು ಮಾತಾಡಲಿಲ್ಲ. ಮಾತಾಡುವ ಮುಖ ಎಲ್ಲಿತ್ತು? ನನ್ನ ಮಗು ಮೂಗಿನ ನೋವನ್ನು ತಡೆದುಕೊಂಡಿತ್ತು, ನನ್ನ ಮಾತನ್ನು ತಡೆದುಕೊಳ್ಳಲಾರದೆ. ಅವಳು ಕಿಟಕಿಯಿಂದ ಕೈ ಆಚೆ ಇಟ್ಟಳು. ಇಟ್ಟು ನನ್ನ ಕಡೆ ತಿರುಗಿ ನೋಡಿದಳು. ನಾನು ಸುಮ್ಮನೆ ಕೈಯನ್ನು ಒಳಗೆ ತೆಗೆದು ನನ್ನ ಕೈಯೊಳಗೆ ಇಟ್ಟುಕೊಂಡೆ. ಇನ್ನೂ ನೋಡಿದಳು. ಒಂದು ಸ್ಟೇಷನ್ ಕಳೆಯಿತು. ಅವಳ ವಟವಟ ನಿಧಾನವಾಗಿ ನಿಂತಿತು.

"ಅಪ್ಪಾ, ಯಾಕೆ ಮಾತಾಡ್ತಾ ಇಲ್ಲ?"

"ಏನಿಲ್ಲ ಪುಟ್ಟಾ, ಸುಮ್ನೆ."

"ಮೂಗಲ್ಲಿ ಏನಾದ್ರೂ ಇಟ್ಕೊಂಡಿದೀಯಾ?"

ಇಲ್ಲ ಎಂದರೂ ನಂಬಲಿಲ್ಲ. ಸೀಟಿನ ಮೇಲೆ ಎದ್ದು ನಿಂತಳು. ಡಾಕ್ಟರು ಹಿಡಿದ ಹಾಗೆಯೇ ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ಎತ್ತಿ, ಒಂದು ಹೊಳ್ಳೆ ನೋಡಿದಳು, ಇನ್ನೊಂದು ನೋಡಿದಳು. ಡಬ್ಬಿಯವರೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು. ಅವಳು ನನ್ನ ಕಿವಿಗೆ ಬಾಯಿ ಹತ್ತಿರ ತಂದು, ಯಾರಿಗೂ ಕೇಳದ ಹಾಗೆ, "ಇಟ್ಕೊಂಡಿದ್ರೆ ಹೇಳಪ್ಪ. ನಾನು ಏನೂ ಅನ್ನಲ್ಲ" ಎಂದಳು.

ಎತ್ತಿದ ಮುಖವನ್ನು ಇಳಿಸಲು ನನ್ನಿಂದ ಆಗಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ನನ್ನ ಕಣ್ಣು ನೋಡಿ ಮರುಗಿದಳು. "ಇಂಜಿನ್ನಿನ ಇದ್ದಿಲಪುಡಿ ಬಿದ್ದಿರಬೇಕು ಸಾಮಿ. ಉಜ್ಜಬ್ಯಾಡಿ."